ಪೇಟೆಂಟ್ ಅಟಾರ್ನಿಯನ್ನು ಹಿಡಿಯುವ ಮುಂಚೆ: ಅವರ ಅನುಭವವನ್ನು ನೀವೇ ಅಳೆಯುವುದು ಹೇಗೆ?

ನಮ್ಮ ಭಾವನವರದ್ದು ತೀರ್ಥಹಳ್ಳಿ ಹತ್ತಿರ ಒಂದು ವೆಲ್ಡಿಂಗ್ ಶೆಡ್. ಕೊಯ್ಲಿನ ಸಮಯದಲ್ಲಿ ಅಡಿಕೆ ಸುಲಿಯುವವರು ಸಿಗದೆ ಒದ್ದಾಡಿ, ಕೊನೆಗೆ ಅವರೇ ಒಂದು ಸುಲಿಯುವ ಯಂತ್ರ ಮಾಡಿದರು. ಅಂಥ ಯಂತ್ರಗಳು ಪೇಟೆಯಲ್ಲಿ ಮೊದಲೇ ಇದ್ದವು. ಇವರದ್ದರಲ್ಲಿ ಹೊಸದು ಒಂದೇ: ಕಾಯಿ ದಪ್ಪ ಇರಲಿ, ಸಣ್ಣ ಇರಲಿ, ರೋಲರ್‌ಗಳ ನಡುವಿನ ಸಂದು ತಾನೇ ಹೊಂದಿಕೊಳ್ಳುತ್ತಿತ್ತು. ಒಂದು ಸ್ಪ್ರಿಂಗ್‌ನ ಚಮತ್ಕಾರ, ಅಷ್ಟೇ.

ಪೇಟೆಂಟ್ ಮಾಡಿಸೋಣ ಎಂದು ಒಬ್ಬರ ಹತ್ತಿರ ಹೋದೆವು. ಬೋರ್ಡು ದೊಡ್ಡದಿತ್ತು. ವಿಸಿಟಿಂಗ್ ಕಾರ್ಡಿನಲ್ಲಿ '15 ವರ್ಷಗಳ ಅನುಭವ' ಎಂದಿತ್ತು. ನಾಲ್ಕು ಫೋಟೊ, ಎರಡು ಪುಟ ವಿವರಣೆ ಕೊಟ್ಟು, ಹೇಳಿದಲ್ಲಿ ಸಹಿ ಮಾಡಿ ಬಂದೆವು. ಅರ್ಜಿಯನ್ನು ನಾವು ಪೂರ್ತಿ ಓದಿದ್ದು ಪೇಟೆಂಟ್ ಕಚೇರಿಯಿಂದ ಆಕ್ಷೇಪಣೆ ಬಂದ ಮೇಲೆ. ಓದಿದರೆ ಅದರಲ್ಲಿ ಸ್ಪ್ರಿಂಗೇ ಇಲ್ಲ! 'ರಬ್ಬರ್ ಹೊದಿಸಿದ, 12 ಮಿ.ಮೀ. ಅಂತರದ ಎರಡು ರೋಲರ್' ಎಂದು ಬರೆದು ಮುಗಿಸಿದ್ದರು. ಈಗ ಸೇರಿಸಿ ಎಂದರೆ ಆಗುವುದಿಲ್ಲ. ಪೇಟೆಂಟ್ ಕಾಯ್ದೆಯ ಸೆಕ್ಷನ್ 59ರ ಪ್ರಕಾರ, ಮೊದಲು ಕೊಟ್ಟ ಬರಹದಲ್ಲಿ ಇಲ್ಲದ ವಿಷಯವನ್ನು ತಿದ್ದುಪಡಿ ಹೆಸರಿನಲ್ಲಿ ತುರುಕುವಂತಿಲ್ಲ. ಹೊಸ ಅರ್ಜಿ ಹಾಕೋಣ ಎಂದರೆ ಅಷ್ಟರಲ್ಲಿ ಹತ್ತಾರು ಯಂತ್ರ ಮಾರಿಯಾಗಿತ್ತು. ಮಾರಿದ ಮೇಲೆ ಹೊಸತನ ಎಲ್ಲಿಂದ ಬರಬೇಕು?

ಎರಡನೇ ಸಲ, ಗೊನೆಯಿಂದ ಕಾಯಿ ಬಿಡಿಸುವ ಯಂತ್ರಕ್ಕೆ ಪೇಟೆಂಟ್ ಮಾಡಿಸಿಕೊಡುವ ಜನ ಹುಡುಕುವಾಗ, ಆ ಕೆಲಸವನ್ನು ನಾನೇ ವಹಿಸಿಕೊಂಡೆ. ಒಂದೂವರೆ ತಿಂಗಳು ಹಿಡಿಯಿತು. ಆಗ ಗೊತ್ತಾಗಿದ್ದು ಇದು: ಪೇಟೆಂಟ್ ಅಟಾರ್ನಿಯ ಕೆಲಸವನ್ನು ಅಳೆಯುವುದು ಡಾಕ್ಟರ್‌ನ ಕೆಲಸ ಅಳೆಯುವಷ್ಟು ಕಷ್ಟ ಅಲ್ಲ. ಡಾಕ್ಟರ್ ಬರೆದ ಹಳೇ ಕೇಸ್ ಶೀಟುಗಳನ್ನು ನೀವು ನೋಡಲಾರಿರಿ. ಇವರು ಬರೆದ ಹಳೇ ಅರ್ಜಿಗಳೆಲ್ಲ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಯಾರೂ ತೆಗೆದು ನೋಡುವುದಿಲ್ಲ, ಅಷ್ಟೇ.

ಏಜೆಂಟೋ, ಅಟಾರ್ನಿಯೋ, ವಕೀಲರೋ?

ಭಾರತದ ಪೇಟೆಂಟ್ ಕಾಯ್ದೆ 1970ರದ್ದು. ಅದು ಗುರುತಿಸುವುದು 'ಪೇಟೆಂಟ್ ಏಜೆಂಟ್' ಎಂಬ ಹೆಸರನ್ನು. 'ಪೇಟೆಂಟ್ ಅಟಾರ್ನಿ' ಎನ್ನುವುದು ನಮ್ಮಲ್ಲಿ ಬಾಯಿಮಾತಿನ ಬಳಕೆ. ಸಾಮಾನ್ಯವಾಗಿ ಏಜೆಂಟ್ ಆಗಿಯೂ ನೋಂದಣಿ ಆಗಿರುವ, ವಕೀಲಿಕೆಯೂ ಇರುವವರನ್ನು ಹಾಗೆ ಕರೆಯುತ್ತಾರೆ. ಆದರೆ ಬೋರ್ಡಿನಲ್ಲಿ ಅಟಾರ್ನಿ ಎಂದು ಬರೆಸಿಕೊಂಡವರೆಲ್ಲ ಎರಡೂ ಆಗಿರುತ್ತಾರೆ ಎಂದೇನಿಲ್ಲ. ಅದಕ್ಕೇ ಕೇಳಿ ತಿಳಿದುಕೊಳ್ಳಬೇಕು.

ಏಜೆಂಟ್ ಆಗಲು ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ ಅಥವಾ ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಡಿಗ್ರಿ ಇರಬೇಕು, ಮತ್ತು ಪೇಟೆಂಟ್ ಏಜೆಂಟ್ ಪರೀಕ್ಷೆ ಪಾಸಾಗಿರಬೇಕು. ಆ ಪರೀಕ್ಷೆಯಲ್ಲಿ ಎರಡು ಪೇಪರ್, ಒಂದು ಸಂದರ್ಶನ. ಒಂದು ಪೇಪರ್ ಕಾನೂನಿನ ಮೇಲೆ, ಇನ್ನೊಂದು ಡ್ರಾಫ್ಟಿಂಗ್, ಅಂದರೆ ಅರ್ಜಿ ಬರೆಯುವುದರ ಮೇಲೆ. ಪ್ರತಿ ಪೇಪರಿನಲ್ಲಿ ಕನಿಷ್ಠ 50 ಅಂಕ, ಒಟ್ಟಾರೆ ಶೇ. 60 ಬೇಕು. ಸುಲಭದ್ದಲ್ಲ. ಪ್ರತಿ ವರ್ಷ ತಪ್ಪದೆ ನಡೆಯುವುದೂ ಇಲ್ಲ. ಪೇಟೆಂಟ್ ಕಚೇರಿಯಲ್ಲೇ 10 ವರ್ಷಕ್ಕೆ ಕಡಿಮೆಯಿಲ್ಲದಂತೆ ಎಕ್ಸಾಮಿನರ್ (ಅರ್ಜಿ ಪರೀಕ್ಷಿಸುವವರು) ಅಥವಾ ಕಂಟ್ರೋಲರ್ (ತೀರ್ಮಾನ ಕೊಡುವವರು) ಆಗಿದ್ದು ಹೊರಬಂದವರಿಗೆ ಪರೀಕ್ಷೆಯಿಲ್ಲದೆ ದಾರಿ ಇದೆ.

ನಿಮ್ಮ ಪರವಾಗಿ ಅರ್ಜಿ ಬರೆದು, ಸಲ್ಲಿಸಿ, ಪೇಟೆಂಟ್ ಕಚೇರಿಯ ಮುಂದೆ ವಾದ ಮಾಡಲು ಏಜೆಂಟ್ ಸಾಕು. ಕೋರ್ಟ್ ಮೆಟ್ಟಿಲು ಹತ್ತಬೇಕಾದರೆ ವಕೀಲರೇ ಬೇಕು. ಯಾರೋ ನಿಮ್ಮ ಯಂತ್ರ ನಕಲು ಮಾಡಿದರು ಎಂದು ಕೇಸ್ ಹಾಕುವುದು, ಅರ್ಜಿ ತಿರಸ್ಕಾರ ಆಯಿತೆಂದು ಹೈಕೋರ್ಟಿಗೆ ಅಪೀಲು ಹೋಗುವುದು, ಇವೆಲ್ಲ ವಕೀಲರ ಕೆಲಸ. ಮುಂಚೆ ಅಪೀಲುಗಳಿಗೆ ಬೇರೆ ಮಂಡಳಿ ಇತ್ತು, 2021ರಲ್ಲಿ ಅದನ್ನು ರದ್ದು ಮಾಡಿದರು.

ಇನ್ನೊಂದು ವ್ಯತ್ಯಾಸ ಬಹಳ ಜನಕ್ಕೆ ಗೊತ್ತಿಲ್ಲ. ವಕೀಲರಿಗೆ ನೀವು ಹೇಳಿದ ಗುಟ್ಟಿಗೆ ಕಾನೂನಿನ ರಕ್ಷಣೆ ಇದೆ. ವಕೀಲರಲ್ಲದ ಏಜೆಂಟ್ ಜೊತೆಗಿನ ಮಾತಿಗೆ ಆ ಭದ್ರತೆ ಸಿಗುವುದಿಲ್ಲ. ಹಾಗಂತ ಏಜೆಂಟ್ ಬೇಡ ಎಂದಲ್ಲ. ನಾವು ಕೊನೆಗೆ ಹಿಡಿದವರು ಬರೀ ಏಜೆಂಟ್, ವಕೀಲರಲ್ಲ. ಮಾತು ಶುರು ಮಾಡುವ ಮುಂಚೆ ಒಂದು ಗೌಪ್ಯತೆ ಕರಾರಿಗೆ ಸಹಿ ಹಾಕಿಸಿಕೊಂಡೆವು. ಎರಡು ಪುಟದ ಕಾಗದ. ಅವರೇ ಮಾದರಿ ಕೊಟ್ಟರು, ಅದೇ ಒಳ್ಳೆಯ ಲಕ್ಷಣ ಅನ್ನಿಸಿತು.

ಹೆಜ್ಜೆ 1: ರಿಜಿಸ್ಟರ್‌ನಲ್ಲಿ ಹೆಸರು ಇದೆಯಾ ನೋಡಿ

ಐದು ನಿಮಿಷದ ಕೆಲಸ. ನೋಂದಾಯಿತ ಏಜೆಂಟರಿಗೆಲ್ಲ 'ಐಎನ್/ಪಿಎ' ಎಂದು ಶುರುವಾಗುವ ಒಂದು ನಂಬರ್ ಇರುತ್ತದೆ. ಅದನ್ನು ಕೇಳಿ. ಆಮೇಲೆ ಪೇಟೆಂಟ್ ಕಚೇರಿಯ ಐಪಿ ಇಂಡಿಯಾ ವೆಬ್‌ಸೈಟಿಗೆ ಹೋಗಿ, ಪೇಟೆಂಟ್ ಏಜೆಂಟರ ಪಟ್ಟಿಯಲ್ಲಿ ಹೆಸರು, ನಂಬರ್ ಎರಡೂ ತಾಳೆ ಆಗುತ್ತವೆಯೇ ನೋಡಿ. ಏಜೆಂಟರು ನೋಂದಣಿ ಉಳಿಸಿಕೊಳ್ಳಲು ಶುಲ್ಕ ಕಟ್ಟುತ್ತಿರಬೇಕು. ಕಟ್ಟದಿದ್ದರೆ ಹೆಸರು ತೆಗೆದುಹಾಕುತ್ತಾರೆ. ಹಾಗಾಗಿ ಹತ್ತು ವರ್ಷದ ಹಿಂದಿನ ಸರ್ಟಿಫಿಕೇಟ್‌ಗೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿದ್ದರೆ ಅದೇನೂ ಸಾಕ್ಷಿ ಅಲ್ಲ.

ವಕೀಲರೂ ಹೌದು ಎಂದರೆ ಬಾರ್ ಕೌನ್ಸಿಲ್ ನೋಂದಣಿ ನಂಬರ್ ಕೇಳಿ. ಕರ್ನಾಟಕದಲ್ಲಿ ನೋಂದಣಿ ಆದವರದ್ದು 'ಕೆಎಆರ್' ಎಂದು ಶುರುವಾಗಿ ವರ್ಷದಿಂದ ಮುಗಿಯುತ್ತದೆ. ನಂಬರ್ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಬೇಜಾರು ಮಾಡಿಕೊಂಡರೆ ಅದೂ ಒಂದು ಉತ್ತರವೇ, ಅಲ್ವಾ?

ನೋಂದಣಿ ಇಲ್ಲದೆ ಪೇಟೆಂಟ್ ಏಜೆಂಟ್ ಎಂದು ಹೇಳಿಕೊಂಡು ಕೆಲಸ ಮಾಡುವುದಕ್ಕೆ ಕಾಯ್ದೆಯಲ್ಲಿ ದಂಡ ಇದೆ. ಆದರೂ 'ಕನ್ಸಲ್ಟೆಂಟ್' ಎಂಬ ಹೆಸರಿನಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಇವರು ಹಣ ತೆಗೆದುಕೊಂಡು ಇನ್ಯಾರದ್ದೋ ಏಜೆಂಟ್ ನಂಬರ್ ಹಾಕಿಸಿ ಅರ್ಜಿ ಕಳಿಸುತ್ತಾರೆ. ಆ ಏಜೆಂಟ್ ನಿಮ್ಮ ಮುಖವನ್ನೂ ನೋಡಿರುವುದಿಲ್ಲ.

ಹೆಜ್ಜೆ 2: ಅವರು ಓದಿದ್ದೇನು?

ನೋಂದಣಿ ಎಂದರೆ ಡ್ರೈವಿಂಗ್ ಲೈಸೆನ್ಸ್ ಇದ್ದ ಹಾಗೆ. ಘಾಟಿಯಲ್ಲಿ ಲಾರಿ ಓಡಿಸಬಲ್ಲರೇ ಎನ್ನುವುದು ಬೇರೆ ಪ್ರಶ್ನೆ. ಬಯೋಟೆಕ್ ಓದಿದವರು ಗೇರ್‌ಬಾಕ್ಸ್ ಬಗ್ಗೆ ಬರೆಯಬಾರದು ಎಂದು ಕಾನೂನು ಹೇಳುವುದಿಲ್ಲ. ನಿಮ್ಮ ಬುದ್ಧಿ ಹೇಳಬೇಕು.

ನಿಮ್ಮ ವಿಷಯದಲ್ಲಿ ಕಾನೂನಿನ ಯಾವ ಗೋಡೆ ಅಡ್ಡ ಬರುತ್ತದೆ ಎಂದು ತಿಳಿದಿರಲಿ. ಯಾವುದಕ್ಕೆಲ್ಲ ಪೇಟೆಂಟ್ ಕೊಡುವುದಿಲ್ಲ ಎಂದು ಸೆಕ್ಷನ್ 3ರಲ್ಲಿ ಪಟ್ಟಿಯೇ ಇದೆ. ಸಾಫ್ಟ್‌ವೇರ್ ಆದರೆ 3(ಕೆ) ಗುದ್ದುತ್ತದೆ: ಕಂಪ್ಯೂಟರ್ ಪ್ರೋಗ್ರಾಂ ಅಷ್ಟೇ ಆದರೆ ಸಿಗುವುದಿಲ್ಲ. ಗೊತ್ತಿರುವ ಔಷಧದ ಹೊಸ ರೂಪ ಆದರೆ 3(ಡಿ). ಕಷಾಯ, ಲೇಹ್ಯದಂಥ ಮಿಶ್ರಣ ಆದರೆ 3(ಇ), ಜೊತೆಗೆ ಪಾರಂಪರಿಕ ಜ್ಞಾನದ 3(ಪಿ). ಬೇಸಾಯದ ವಿಧಾನ ಆದರೆ 3(ಎಚ್). ಯಂತ್ರಕ್ಕೆ ಈ ಕಾಟ ಕಡಿಮೆ. ನಮ್ಮ ಗಿಡಮೂಲಿಕೆ, ಜೀವಿಗಳನ್ನು ಬಳಸಿದ ಸಂಶೋಧನೆ ಆದರೆ ಜೀವವೈವಿಧ್ಯ ಕಾಯ್ದೆಯೂ ಬರುತ್ತದೆ. ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಜೊತೆ ವ್ಯವಹಾರ ಮಾಡಬೇಕಾಗುತ್ತದೆ.

'ನನ್ನ ಅರ್ಜಿಗೆ ಸೆಕ್ಷನ್ 3ರಲ್ಲಿ ಯಾವುದು ಅಡ್ಡ ಬರಬಹುದು? ಹಿಂದೆ ಅಂಥದ್ದನ್ನು ಹೇಗೆ ದಾಟಿದ್ದೀರಿ?' ಎಂದು ಕೇಳಿ. ಅನುಭವ ಇದ್ದವರು ತಕ್ಷಣ ಒಂದು ಕೇಸ್ ನೆನಪಿಸಿಕೊಳ್ಳುತ್ತಾರೆ. ಇಲ್ಲದವರು 'ಅದೆಲ್ಲ ನಾವು ನೋಡ್ಕೋತೀವಿ ಸಾರ್' ಎನ್ನುತ್ತಾರೆ.

ಹೆಜ್ಜೆ 3: ಐದು ಅರ್ಜಿ ನಂಬರ್ ಕೇಳಿ, ಮನೆಯಲ್ಲಿ ಕೂತು ಓದಿ

ಸಮಯ ಕಮ್ಮಿ ಇದ್ದರೆ ಉಳಿದದ್ದೆಲ್ಲ ಬಿಡಿ, ಇದೊಂದನ್ನು ಮಾಡಿ.

ನಿಮ್ಮ ವಿಷಯಕ್ಕೆ ಹತ್ತಿರದ, ಅವರೇ ಬರೆದ, ಈಗಾಗಲೇ ಪ್ರಕಟವಾದ ಐದು ಅರ್ಜಿಗಳ ನಂಬರ್ ಕೇಳಿ. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳಿಗೆ ಪ್ರಕಟವಾಗುತ್ತವೆ. ಪ್ರಕಟವಾದ ಮೇಲೆ ಗುಟ್ಟೇನೂ ಉಳಿಯುವುದಿಲ್ಲ. ಹಾಗಾಗಿ 'ಕ್ಲೈಂಟ್ ವಿಷಯ ಹೇಳೋಕಾಗಲ್ಲ' ಎನ್ನುವ ನೆಪ ಇಲ್ಲಿ ನಡೆಯುವುದಿಲ್ಲ.

ನಂಬರ್ ಕೈಗೆ ಬಂದ ಕೂಡಲೇ ಅದರ ಮೊದಲ ಆರು ಅಂಕಿ ನೋಡಿ. ಉದಾಹರಣೆಗೆ 202341 ಎಂದು ಶುರುವಾದರೆ, 2023ರ ಅರ್ಜಿ. ಐದನೇ ಅಂಕಿ ಕಚೇರಿಯದ್ದು: 1 ದಿಲ್ಲಿ, 2 ಮುಂಬೈ, 3 ಕೋಲ್ಕತಾ, 4 ಚೆನ್ನೈ. ಕರ್ನಾಟಕದ ಅರ್ಜಿಗಳು ಚೆನ್ನೈಗೇ ಹೋಗುವುದು, ಬೆಂಗಳೂರಿನಲ್ಲಿ ಪೇಟೆಂಟ್ ಕಚೇರಿ ಇಲ್ಲ. ಆರನೇ ಅಂಕಿಯಲ್ಲೇ ಇರುವುದು ಮಜಾ. ಅದು 1 ಇದ್ದರೆ ಇಲ್ಲೇ ಮೊದಲು ಹಾಕಿದ ಮಾಮೂಲಿ ಅರ್ಜಿ. 7 ಇದ್ದರೆ ಪಿಸಿಟಿ ಎಂಬ ಅಂತರರಾಷ್ಟ್ರೀಯ ಪೇಟೆಂಟ್ ಒಪ್ಪಂದದ ದಾರಿಯಲ್ಲಿ ಬಂದದ್ದು, ಬಹಳ ಸಲ ವಿದೇಶಿ ಕಂಪನಿಯದ್ದು. ಅಂಥ ಅರ್ಜಿಯನ್ನು ಬರೆದವರು ಅಮೆರಿಕದಲ್ಲೋ ಜಪಾನಿನಲ್ಲೋ ಇರುತ್ತಾರೆ. ಇಲ್ಲಿಯವರು ಫಾರಂ ತುಂಬಿ ಸಲ್ಲಿಸಿರುತ್ತಾರೆ. ಆಕ್ಷೇಪಣೆಗೆ ಉತ್ತರ ಕೊಟ್ಟಿರಬಹುದು, ಅದೂ ಕೆಲಸವೇ. ಆದರೆ ನಿಮಗೆ ಬೇಕಾದದ್ದು ಖಾಲಿ ಹಾಳೆಯಿಂದ ಬರೆಯುವವರು. 'ಎರಡು ಸಾವಿರ ಪೇಟೆಂಟ್ ಮಾಡಿದ್ದೇವೆ' ಎಂದು ಎದೆ ತಟ್ಟಿಕೊಳ್ಳುವವರ ಹತ್ತಿರ, ಅದರಲ್ಲಿ ಆರನೇ ಅಂಕಿ 1 ಇರುವುದು ಎಷ್ಟು ಎಂದು ಕೇಳಿ ನೋಡಿ. ನಾನು ಕೇಳಿದಾಗ ಒಬ್ಬರು ನಕ್ಕರು. 'ನೀವು ಈ ಲೈನಿನವರಾ?' ಎಂದರು.

ಇನ್ನು ಓದುವುದು. ಐಪಿ ಇಂಡಿಯಾ ವೆಬ್‌ಸೈಟಿನ ಪೇಟೆಂಟ್ ಹುಡುಕಾಟದಲ್ಲಿ ಅರ್ಜಿ ನಂಬರ್ ಹಾಕಿ, ಅರ್ಜಿಯ ಸ್ಥಿತಿ ತೆರೆಯಿರಿ. ಅಲ್ಲೇ ದಾಖಲೆಗಳನ್ನು ನೋಡುವ ಬಟನ್ ಇರುತ್ತದೆ. ಒತ್ತಿದರೆ ಇಡೀ ಕಡತ ಬಿಚ್ಚಿಕೊಳ್ಳುತ್ತದೆ. ಫಾರಂ 1 ತೆಗೆದು, ಏಜೆಂಟ್ ಹೆಸರು, ನಂಬರ್ ನೀವು ಮಾತಾಡಿಸಿದವರದ್ದೇನಾ ನೋಡಿ. ಆಮೇಲೆ ಫಾರಂ 2. ಅದೇ ಸ್ಪೆಸಿಫಿಕೇಶನ್, ಅಂದರೆ ಸಂಶೋಧನೆಯ ಪೂರ್ತಿ ವಿವರಣೆ. ಅದರ ಕೊನೆಯಲ್ಲಿ ಕ್ಲೈಮುಗಳು.

ಪೇಟೆಂಟಿನಲ್ಲಿ 'ಇಷ್ಟು ನನ್ನದು' ಎಂದು ಬೇಲಿ ಹಾಕುವುದು ಕ್ಲೈಮು. ಉಳಿದದ್ದೆಲ್ಲ ಒಳಗಿನ ತೋಟದ ವರ್ಣನೆ. ನಮ್ಮ ಮೊದಲ ಅರ್ಜಿಯ 1ನೇ ಕ್ಲೈಮನ್ನು ಕನ್ನಡಕ್ಕೆ ತಂದರೆ ಹೀಗಿತ್ತು:

'12 ಮಿ.ಮೀ. ಅಂತರದಲ್ಲಿ ಜೋಡಿಸಿದ, ರಬ್ಬರ್ ಹೊದಿಸಿದ ಎರಡು ರೋಲರ್‌ಗಳು, ಮತ್ತು ಅವುಗಳ ಕೆಳಗೆ ಒಂದು ಸ್ಟೀಲ್ ಬ್ಲೇಡ್ ಇರುವ ಅಡಿಕೆ ಸುಲಿಯುವ ಯಂತ್ರ.'

ಇದರಿಂದ ತಪ್ಪಿಸಿಕೊಳ್ಳಲು ಪಕ್ಕದ ಶೆಡ್ಡಿನವರು ಏನು ಮಾಡಬೇಕು? ಅಂತರ 14 ಮಿ.ಮೀ. ಇಟ್ಟರೆ ಸಾಕು. ರಬ್ಬರ್ ಬದಲು ನೈಲಾನ್ ಹಾಕಿದರೂ ನಡೆಯುತ್ತದೆ. ಇದೇ ಯಂತ್ರವನ್ನು ಎರಡನೇ ಏಜೆಂಟ್‌ಗೆ ಸುಮ್ನೆ ತೋರಿಸಿ, 'ನೀವಾಗಿದ್ದರೆ ಹೇಗೆ ಬರೆಯುತ್ತಿದ್ದಿರಿ' ಎಂದು ಕೇಳಿದೆ. ಅವರು ಪೆನ್ನು ತೆಗೆದು ಟೀ ಬಿಲ್ಲಿನ ಹಿಂದೆ ಬರೆದದ್ದು ಇದು:

'ಕಾಯಿಯನ್ನು ಹಿಡಿಯುವ ಕನಿಷ್ಠ ಎರಡು ಭಾಗಗಳು, ಕಾಯಿಯ ಗಾತ್ರಕ್ಕೆ ತಕ್ಕಂತೆ ಅವುಗಳ ನಡುವಿನ ಅಂತರ ತಾನಾಗಿಯೇ ಬದಲಾಗುವಂತೆ ಒತ್ತುವ ಒಂದು ಸಾಧನ, ಮತ್ತು ಸಿಪ್ಪೆ ಬಿಡಿಸುವ ಒಂದು ಭಾಗ ಇರುವ ಯಂತ್ರ.'

ಅದರ ಕೆಳಗೆ 2ನೇ ಕ್ಲೈಮು: 'ಒತ್ತುವ ಸಾಧನ ಸ್ಪ್ರಿಂಗ್ ಆಗಿರುವ, 1ನೇ ಕ್ಲೈಮಿನ ಯಂತ್ರ.' 3ನೇದು: 'ಹಿಡಿಯುವ ಭಾಗಗಳು ರೋಲರ್ ಆಗಿರುವ ಯಂತ್ರ.' ಹೀಗೆ ಅಗಲವಾಗಿ ಶುರು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದು. 1ನೇದು ಹಳೆಯ ಯಾವುದೋ ಯಂತ್ರಕ್ಕೆ ತಾಗಿ ಬಿದ್ದುಹೋದರೆ 2ನೇದರ ಮೇಲೆ ನಿಲ್ಲಬಹುದು. ಭಾವ ಆ ಬಿಲ್ಲನ್ನು ಇನ್ನೂ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ.

ಸ್ಯಾಂಪಲ್ ಅರ್ಜಿಗಳಲ್ಲಿ ನೀವು ಹುಡುಕಬೇಕಾದದ್ದು ಇದೇ ಮೆಟ್ಟಿಲುಗಳನ್ನು. 1ನೇ ಕ್ಲೈಮು ಓದಿ, 'ಇದನ್ನು ನಾನಾಗಿದ್ದರೆ ಹೇಗೆ ತಪ್ಪಿಸಿಕೊಳ್ಳುತ್ತಿದ್ದೆ' ಎಂದು ಕಳ್ಳನ ತಲೆಯಿಂದ ಯೋಚಿಸಿ. ಎರಡು ನಿಮಿಷದಲ್ಲಿ ದಾರಿ ಹೊಳೆದರೆ ಬೇಲಿ ಹಾಕಿದವರ ಕೈ ಕಚ್ಚಾ.

ಆಮೇಲೆ ಎಫ್‌ಇಆರ್ ಓದಿ. ಪೇಟೆಂಟ್ ಕಚೇರಿ ಕಳಿಸುವ ಮೊದಲ ಪರೀಕ್ಷಾ ವರದಿ ಅದು. ಆಕ್ಷೇಪಣೆ ಬಂದಿದೆ ಎಂದು ಗಾಬರಿ ಬೇಡ. ಎಲ್ಲರಿಗೂ ಬರುತ್ತದೆ. ನೋಡಬೇಕಾದದ್ದು ಉತ್ತರವನ್ನು. ಹಳೆಯ ಪೇಟೆಂಟ್‌ಗಳನ್ನು ಕಚೇರಿ ಎತ್ತಿ ತೋರಿಸಿದಾಗ, ಇವರು ಒಂದೊಂದನ್ನೂ ತೆಗೆದು 'ಅದರಲ್ಲಿ ಹೀಗಿದೆ, ನಮ್ಮದರಲ್ಲಿ ಹೀಗೆ, ಹಾಗಾಗಿ ಈ ಲಾಭ' ಎಂದು ಬಿಡಿಸಿ ಬರೆದಿದ್ದಾರಾ? ಅಥವಾ 'ನಮ್ಮದು ಹೊಸದು, ದಯವಿಟ್ಟು ಒಪ್ಪಿಕೊಳ್ಳಿ' ಎಂಬ ಅರ್ಥದ ನಾಲ್ಕು ಸಾಲಾ?

ಗ್ರಾಂಟ್ ಆದ ಅರ್ಜಿಯಲ್ಲಿ ಒಂದು ತಾಳೆ ತಪ್ಪದೆ ಮಾಡಿ. ಸಲ್ಲಿಸಿದಾಗಿನ 1ನೇ ಕ್ಲೈಮು, ಕೊನೆಗೆ ಮಂಜೂರಾದ 1ನೇ ಕ್ಲೈಮು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಮೂರು ಸಾಲು ಇದ್ದದ್ದು ಮುಕ್ಕಾಲು ಪುಟ ಆಗಿದ್ದರೆ, ಏನೇನೋ ಅಳತೆ, ಬೋಲ್ಟು, ನಟ್ಟು ಎಲ್ಲ ತುಂಬಿದ್ದರೆ, ಪೇಟೆಂಟ್ ಸಿಕ್ಕಿತು ಆದರೆ ಕೈಯಲ್ಲಿ ಏನೂ ಉಳಿಯಲಿಲ್ಲ. 'ನಮ್ಮ ಗ್ರಾಂಟ್ ರೇಟ್ ಇಷ್ಟು' ಎನ್ನುವ ಮಾತನ್ನು ನಾನು ಈ ಕಾರಣಕ್ಕೇ ನಂಬುವುದಿಲ್ಲ. ಬೇಲಿಯನ್ನು ಬಾವಿಕಟ್ಟೆಯಷ್ಟಕ್ಕೆ ಕುಗ್ಗಿಸಿದರೆ ಯಾರು ಬೇಕಾದರೂ ಮಂಜೂರು ಮಾಡಿಸಬಹುದು. ಒಂದಿಷ್ಟು ಕುಗ್ಗುವುದು ಮಾಮೂಲಿ, ಎಷ್ಟು ಎನ್ನುವುದೇ ಪ್ರಶ್ನೆ.

ತಾರೀಖುಗಳ ಮೇಲೂ ಕಣ್ಣಾಡಿಸಿ. ಎಫ್‌ಇಆರ್‌ಗೆ ಉತ್ತರ ಕೊಡಲು 6 ತಿಂಗಳು. ಶುಲ್ಕ ಕಟ್ಟಿ ಇನ್ನೂ 3 ತಿಂಗಳು ಪಡೆಯಬಹುದು. ಐದಕ್ಕೆ ಐದರಲ್ಲೂ ಕೊನೆಯ ವಾರದಲ್ಲೇ ಉತ್ತರ ಹೋಗಿದ್ದರೆ, ನಿಮ್ಮದೂ ಹಾಗೇ ಹೋಗುತ್ತದೆ. ಕಕ್ಷಿದಾರರೇ ತಡ ಮಾಡಿರುವುದೂ ಉಂಟು, ಒಂದೆರಡು ಕಡೆ ಇದ್ದರೆ ದೊಡ್ಡದು ಮಾಡಬೇಡಿ.

ಇಂಗ್ಲಿಷ್ ಕಷ್ಟ ಆಗುತ್ತದೆ ಎನ್ನುವವರು ಎಂಜಿನಿಯರಿಂಗ್ ಓದುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಐದು ಕಡತಕ್ಕೆ ಒಂದು ಭಾನುವಾರ ಸಾಕು.

ಹೆಜ್ಜೆ 4: ಮೊದಲ ಭೇಟಿಯಲ್ಲಿ ಅವರು ಏನು ಕೇಳುತ್ತಾರೆ?

ಇಲ್ಲಿ ನಿಮ್ಮ ಪ್ರಶ್ನೆಗಿಂತ ಅವರ ಪ್ರಶ್ನೆ ಮುಖ್ಯ. ಗೌಪ್ಯತೆ ಕರಾರು ಆದ ಮೇಲೆ ನಿಮ್ಮ ಸಂಶೋಧನೆ ಹೇಳಿ, ಸುಮ್ಮನೆ ಕೂತು ಕೇಳಿಸಿಕೊಳ್ಳಿ.

ಒಳ್ಳೆಯವರು ಮೊದಲ ಹತ್ತು ನಿಮಿಷದಲ್ಲೇ ಕೇಳುವ ಪ್ರಶ್ನೆ: 'ಇದನ್ನು ಎಲ್ಲಾದರೂ ತೋರಿಸಿದ್ದೀರಾ? ಮಾರಿದ್ದೀರಾ? ಯೂಟ್ಯೂಬಿಗೆ ಹಾಕಿದ್ದೀರಾ?' ನಮ್ಮಲ್ಲಿ ಜನ ಯಂತ್ರ ಮಾಡಿದ ಮರುದಿನವೇ ಕೃಷಿ ಮೇಳಕ್ಕೆ ಒಯ್ಯುತ್ತಾರೆ, ವಾಟ್ಸ್ಆ್ಯಪ್ ಸ್ಟೇಟಸ್ ಹಾಕುತ್ತಾರೆ. ಅರ್ಜಿಗೆ ಮುಂಚೆ ಜಗಜ್ಜಾಹೀರು ಆದದ್ದಕ್ಕೆ ಪೇಟೆಂಟ್ ಸಿಗುವುದು ಕಷ್ಟ. ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಸೂಚಿಸಿದ ವಸ್ತುಪ್ರದರ್ಶನಗಳಿಗೆ 12 ತಿಂಗಳ ವಿನಾಯಿತಿ ಇದೆ ನಿಜ, ಆದರೆ ಊರಿನ ಮೇಳಕ್ಕೆಲ್ಲ ಅದು ಸಲ್ಲುವುದಿಲ್ಲ. ಈ ಪ್ರಶ್ನೆಯನ್ನೇ ಕೇಳದೆ ನೇರ ಫೀ ವಿಷಯಕ್ಕೆ ಬಂದರೆ ನನಗೆ ಅನುಮಾನ. ನಮ್ಮ ಮೊದಲನೆಯವರು ಕೇಳಿರಲಿಲ್ಲ.

ಎರಡನೆಯದು, 'ಇದೇ ಕೆಲಸವನ್ನು ಬೇರೆ ಯಾವ ರೀತಿ ಮಾಡಬಹುದು?' ಸ್ಪ್ರಿಂಗ್ ಬದಲು ತೂಕ ನೇತುಹಾಕಿದರೆ? ಗಾಳಿಯ ಒತ್ತಡ ಬಳಸಿದರೆ? ಹೀಗೆ ಕೆದಕುವವರು ಬೇಲಿಯನ್ನು ದೂರ ಹಾಕಲು ನೋಡುತ್ತಿದ್ದಾರೆ ಎಂದರ್ಥ. ಮೂರನೆಯದು, 'ಕಂಡುಹಿಡಿದದ್ದು ಯಾರು, ಅರ್ಜಿ ಯಾರ ಹೆಸರಿನಲ್ಲಿ?' ಕಾಲೇಜಿನ ಲ್ಯಾಬಿನಲ್ಲಿ ಮಾಡಿದ್ದು, ಕಂಪನಿಯ ಕೆಲಸದಲ್ಲಿದ್ದಾಗ ಮಾಡಿದ್ದು ಆದರೆ ಹಕ್ಕು ಯಾರದ್ದು ಎಂಬ ಜಗಳ ಆಮೇಲೆ ಏಳುತ್ತದೆ. ಜೊತೆಗೆ, ಗೂಗಲ್ ಪೇಟೆಂಟ್ಸ್‌ನಲ್ಲೋ ಎಸ್ಪಾಸ್‌ನೆಟ್‌ನಲ್ಲೋ ಹಳೆಯ ಪೇಟೆಂಟ್‌ಗಳನ್ನು ಹುಡುಕಿದ್ದೀರಾ ಎಂದೂ ವಿಚಾರಿಸುತ್ತಾರೆ.

ನೀವು ಕೇಳಬೇಕಾದ್ದೂ ಒಂದಿದೆ: 'ನನ್ನ ಪ್ರತಿಸ್ಪರ್ಧಿಗಳ ಕೆಲಸ ಮಾಡುತ್ತೀರಾ?' ಅಡಿಕೆ ಯಂತ್ರದ ಲೋಕ ಸಣ್ಣದು. ಒಬ್ಬರು ಪ್ರಾಮಾಣಿಕವಾಗಿ 'ಹೌದು, ಒಂದು ಕಂಪನಿ ಇದೆ, ನಿಮ್ಮದು ತೆಗೆದುಕೊಳ್ಳಲಾರೆ' ಎಂದರು. ಅವರ ಮೇಲೆ ಗೌರವ ಹೆಚ್ಚಾಯಿತು.

ಭಾಷೆಯ ವಿಷಯ ಹೇಳಲೇಬೇಕು. ಪೇಟೆಂಟ್ ಅರ್ಜಿ ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಮಾತ್ರ ಕೊಡಬಹುದು, ಕನ್ನಡದಲ್ಲಿ ಆಗುವುದಿಲ್ಲ. ಶೆಡ್ಡಿನಲ್ಲಿ ಭಾವ 'ಇದು ಇಲ್ಲಿ ಕಚ್ಕೊಂಡು, ಆ ಕಡೆ ಜಾರ್‍ತದೆ ಮಾರಾಯ್ರೆ' ಎಂದು ಕೈಯಲ್ಲಿ ತೋರಿಸಿ ಹೇಳುವುದನ್ನು ಇನ್ನೊಬ್ಬರು ಇಂಗ್ಲಿಷಿನಲ್ಲಿ ಹಿಡಿಯಬೇಕು. ಹಾಗಾಗಿ ಒಂದು ಪರೀಕ್ಷೆ ಇಡಿ. ಎಲ್ಲ ಹೇಳಿ ಮುಗಿಸಿದ ಮೇಲೆ, 'ಈಗ ನೀವು ನನಗೆ ಇದನ್ನು ತಿರುಗಿ ಹೇಳಿ ನೋಡೋಣ' ಎನ್ನಿ. ಅವರ ಬಾಯಲ್ಲಿ ನಿಮ್ಮ ಯಂತ್ರ ಓಡಬೇಕು. ಎಲ್ಲಿ ನಿಲ್ಲುತ್ತದೋ ಅಲ್ಲೇ ಅರ್ಜಿಯಲ್ಲೂ ನಿಲ್ಲುತ್ತದೆ. ಯಂತ್ರವೇ ಆದರೆ ಶೆಡ್ಡಿಗೆ ಬಂದು ನೋಡುವವರಿಗೆ ನನ್ನ ಓಟು. ಅವರ ಕಚೇರಿ ಹುಬ್ಬಳ್ಳಿಯಲ್ಲಿದೆಯೋ ದಿಲ್ಲಿಯಲ್ಲಿದೆಯೋ ಮುಖ್ಯ ಅಲ್ಲ. ಅರ್ಜಿ ಆನ್‌ಲೈನ್, ಹಿಯರಿಂಗ್‌ಗಳೂ ವಿಡಿಯೊದಲ್ಲಿ ನಡೆಯುತ್ತವೆ.

ಹೆಜ್ಜೆ 5: ಬರೆಯುವ ಕೈ ಯಾರದ್ದು?

ದೊಡ್ಡ ಸಂಸ್ಥೆಗಳಲ್ಲಿ ಮಾತಾಡಿಸುವವರು ಪಾರ್ಟ್ನರ್, ಬರೆಯುವವರು ಹೋದ ವರ್ಷ ಸೇರಿದ ಹುಡುಗ. ತಪ್ಪಲ್ಲ, ಕಲಿಯುವುದು ಹಾಗೇ. ಆದರೆ ಯಾರು ಬರೆಯುತ್ತಾರೆ, ಯಾರು ತಿದ್ದುತ್ತಾರೆ, ಎಫ್‌ಇಆರ್ ಬಂದಾಗ ಅದೇ ಜನ ಇರುತ್ತಾರಾ ಎಂದು ಕೇಳಿ, ಈಮೇಲಿನಲ್ಲಿ ಹೆಸರು ಬರೆಸಿಕೊಳ್ಳಿ. ಕಚೇರಿಯಿಂದ ನಿವೃತ್ತರಾಗಿ ಬಂದ ಹಳೇ ಎಕ್ಸಾಮಿನರ್‌ಗಳ ಬಗ್ಗೆ ನನ್ನ ಅನಿಸಿಕೆ ಏನೆಂದರೆ, ಆಕ್ಷೇಪಣೆಗೆ ಉತ್ತರ, ಹಿಯರಿಂಗ್ ಇವುಗಳಲ್ಲಿ ಅವರು ಪಳಗಿದವರು. ಡ್ರಾಫ್ಟಿಂಗ್ ಅನುಭವ ಎಷ್ಟು ಎಂದು ಬೇರೆಯಾಗಿ ವಿಚಾರಿಸಬೇಕು.

ಹೆಜ್ಜೆ 6: ಫೀ ಬಿಡಿಸಿ ಬರೆಸಿಕೊಳ್ಳಿ

ಸರ್ಕಾರಿ ಶುಲ್ಕ ಬೇರೆ, ಅವರ ಶುಲ್ಕ ಬೇರೆ. ಎರಡನ್ನೂ ಕಲಸಿ ಒಂದೇ ಮೊತ್ತ ಹೇಳಿದರೆ ಬಿಡಿಸಿ ಕೇಳಿ. ವ್ಯಕ್ತಿಯ ಹೆಸರಿನಲ್ಲಿ ಆನ್‌ಲೈನ್ ಅರ್ಜಿಗೆ ಸರ್ಕಾರಕ್ಕೆ ಕಟ್ಟುವುದು 1,600 ರೂಪಾಯಿ, ಅರ್ಜಿಯನ್ನು ಪರೀಕ್ಷಿಸಿ ಎಂದು ಪೇಟೆಂಟ್ ಕಚೇರಿಗೆ ಕೋರಿಕೆ ಸಲ್ಲಿಸಲು 4,000. ಸ್ಟಾರ್ಟಪ್, ಸಣ್ಣ ಉದ್ದಿಮೆ, ಶಿಕ್ಷಣ ಸಂಸ್ಥೆಗಳಿಗೂ ಇದೇ ದರ. ದೊಡ್ಡ ಕಂಪನಿಗಳಿಗೆ 8,000 ಮತ್ತು 20,000. ಬರಹ 30 ಪುಟ, 10 ಕ್ಲೈಮು ದಾಟಿದರೆ ಪುಟಕ್ಕಿಷ್ಟು, ಕ್ಲೈಮಿಗಿಷ್ಟು ಎಂದು ಹೆಚ್ಚುವರಿ. ಹಾಗಾಗಿ 'ಸರ್ಕಾರಿ ಫೀಸೇ 30 ಸಾವಿರ ಆಗುತ್ತೆ' ಎಂದು ಒಬ್ಬ ರೈತರಿಗೆ ಯಾರಾದರೂ ಹೇಳಿದರೆ ರಸೀದಿ ತೋರಿಸಿ ಎನ್ನಿ.

ಅವರ ಫೀ ಹಂತಹಂತವಾಗಿ ಇರಲಿ: ಹುಡುಕಾಟ, ಡ್ರಾಫ್ಟಿಂಗ್, ಸಲ್ಲಿಕೆ, ಎಫ್‌ಇಆರ್ ಉತ್ತರ, ಹಿಯರಿಂಗ್. ತೀರಾ ಅಗ್ಗದ ಕೊಟೇಶನ್‌ಗಳಲ್ಲಿ ಕೊನೆಯ ಎರಡು ಇರುವುದೇ ಇಲ್ಲ. ಇನ್ನೊಂದು ಆಟ: ಒಂದು ಪುಟದ ಪ್ರಾವಿಷನಲ್ (ತಾತ್ಕಾಲಿಕ) ಅರ್ಜಿ ಹಾಕಿ ಹಣ ತೆಗೆದುಕೊಳ್ಳುವುದು. 12 ತಿಂಗಳೊಳಗೆ ಪೂರ್ಣ ಅರ್ಜಿ ಹಾಕದಿದ್ದರೆ ಅದು ಕೈಬಿಟ್ಟಂತೆ. ಆ ಒಂದು ಪುಟದಲ್ಲಿ ಇಲ್ಲದ ವಿಷಯಕ್ಕೆ ಹಳೇ ತಾರೀಖೂ ಸಿಗುವುದಿಲ್ಲ.

ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆಯ (ಡಿಪಿಐಐಟಿ) ಮಾನ್ಯತೆ ಇರುವ ಸ್ಟಾರ್ಟಪ್ ಆಗಿದ್ದರೆ, ಸ್ಟಾರ್ಟಪ್‌ಗಳ ಪೇಟೆಂಟ್‌ಗೆ ನೆರವಾಗುವ ಸರ್ಕಾರದ ಎಸ್‌ಐಪಿಪಿ ಯೋಜನೆಯಲ್ಲಿ ಫೆಸಿಲಿಟೇಟರ್ (ನೆರವುಗಾರ) ಆಗಿರುವ ಏಜೆಂಟರ ಫೀಯನ್ನು ಸರ್ಕಾರವೇ ಕೊಡುತ್ತದೆ. ನೀವು ಕಟ್ಟುವುದು ಸರ್ಕಾರಿ ಶುಲ್ಕ ಮಾತ್ರ. ಆದರೆ ಫೆಸಿಲಿಟೇಟರ್ ಪಟ್ಟಿಯಲ್ಲಿ ಹೆಸರಿದೆ ಎಂದು 3ನೇ ಹೆಜ್ಜೆ ಬಿಡಬೇಡಿ. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಇದೆ. ಅಲ್ಲಿಯ ಪೇಟೆಂಟ್ ಮಾಹಿತಿ ಕೇಂದ್ರವನ್ನೂ ಒಮ್ಮೆ ವಿಚಾರಿಸಬಹುದು.

ಈ ಮಾತು ಕೇಳಿಸಿದರೆ ಎದ್ದು ಬನ್ನಿ

'ಗ್ಯಾರಂಟಿ ಪೇಟೆಂಟ್.' ಮಂಜೂರು ಮಾಡುವುದು ಕಂಟ್ರೋಲರ್. ಗ್ಯಾರಂಟಿ ಕೊಡಲು ಇವರು ಯಾರು?

'ಮೂರು ತಿಂಗಳಲ್ಲಿ ಪೇಟೆಂಟ್ ಕೈಗೆ.' ಬಹಳ ಸಲ ಇದು ಪೇಟೆಂಟೇ ಆಗಿರುವುದಿಲ್ಲ, ಡಿಸೈನ್ ನೋಂದಣಿ ಆಗಿರುತ್ತದೆ. ಅದು ವಸ್ತುವಿನ ಹೊರರೂಪಕ್ಕೆ ಮಾತ್ರ. ನಿಮ್ಮ ಯಂತ್ರ ಕೆಲಸ ಮಾಡುವ ರೀತಿಗೆ ಅದರಿಂದ ಬಿಡಿಗಾಸಿನ ರಕ್ಷಣೆ ಇಲ್ಲ.

'ಪಬ್ಲಿಷ್ ಆಯ್ತು ಸಾರ್, ಕಂಗ್ರಾಟ್ಸ್!' ಈ ದಂಧೆ ಕಾಲೇಜುಗಳಲ್ಲಿ ಜೋರು. ಶುಲ್ಕ ಕಟ್ಟಿದರೆ 18 ತಿಂಗಳಿಗೆ ಮುಂಚೆಯೇ ಪ್ರಕಟ ಮಾಡಿಸಬಹುದು. ಪ್ರಕಟ ಆಗುವುದಕ್ಕೆ ಹೊಸತನ ಇದೆಯೋ ಇಲ್ಲವೋ ಎಂದು ಯಾರೂ ನೋಡಿರುವುದಿಲ್ಲ. ಆಮೇಲೆ ಪರೀಕ್ಷೆಗೆ ಕೋರಿಕೆ ಸಲ್ಲಿಸದೆ ಬಿಟ್ಟರೆ ಅರ್ಜಿ ಸಾಯುತ್ತದೆ. ಸ್ಟಾಫ್ ರೂಮಿನ ಗೋಡೆಯಲ್ಲಿ ಮಾತ್ರ ಸರ್ಟಿಫಿಕೇಟು ನಗುತ್ತಿರುತ್ತದೆ. ಅಂಥ ಅರ್ಜಿಗಳನ್ನೇ ಅನುಭವ ಎಂದು ತೋರಿಸುವವರೂ ಇದ್ದಾರೆ. ಅರ್ಜಿಯ ಸ್ಥಿತಿ ತೆರೆದು ನೋಡಿದರೆ ಬಣ್ಣ ಬಯಲಾಗುತ್ತದೆ.

'ಸಹಿ ಮಾಡಿ ಸಾಕು, ಓದೋದೇನೂ ಬೇಡ.' ಇದಕ್ಕೆ ನಾನು ಬೇರೆ ಹೇಳಬೇಕಾ?

ಹೊರದೇಶಕ್ಕೂ ಬೇಕು ಎಂದರೆ

ಭಾರತದ ಏಜೆಂಟ್ ಅಮೆರಿಕದ ಪೇಟೆಂಟ್ ಕಚೇರಿಯಲ್ಲಿ ನಿಮ್ಮ ಪರ ನಿಲ್ಲಲಾರರು. ಅಲ್ಲಿನವರೊಬ್ಬರ ಮೂಲಕ ಮಾಡಿಸುತ್ತಾರೆ. ಯಾರು ಅವರು ಎಂದು ಕೇಳಿ. ಅಮೆರಿಕದಲ್ಲಿ ಪೇಟೆಂಟ್ ಅಟಾರ್ನಿ ಎಂದರೆ ವಕೀಲರೂ ಹೌದು, ಪೇಟೆಂಟ್ ಕಚೇರಿಯಲ್ಲಿ ನೋಂದಾಯಿತರೂ ಹೌದು. ವಕೀಲರಲ್ಲದವರು ಅಲ್ಲೂ ಏಜೆಂಟ್. ಇಬ್ಬರ ಹೆಸರೂ ಅಲ್ಲಿನ ಪೇಟೆಂಟ್ ಕಚೇರಿಯ ವೆಬ್‌ಸೈಟಿನಲ್ಲಿ ಹುಡುಕಿದರೆ ಸಿಗುತ್ತದೆ. ಇಲ್ಲಿ ವಾಸ ಇರುವವರು ಮೊದಲು ಹೊರಗೆ ಅರ್ಜಿ ಹಾಕಬೇಕಾದರೆ ಸೆಕ್ಷನ್ 39ರಡಿ ಅನುಮತಿ ಬೇಕು. ಇಲ್ಲವೇ ಭಾರತದಲ್ಲಿ ಹಾಕಿ 6 ವಾರ ಕಾಯಬೇಕು. ಇದನ್ನು ನೀವು ಕೇಳುವ ಮುಂಚೆಯೇ ಅವರು ಹೇಳಿದರೆ ಆ ಮನುಷ್ಯನನ್ನು ಬಿಡಬೇಡಿ.

ಒಪ್ಪಿಕೊಂಡ ಮೇಲೆ

ನಿಮ್ಮ ಪರ ಕೆಲಸ ಮಾಡಲು ಅಧಿಕಾರ ಕೊಡುವ ಕಾಗದ ಫಾರಂ 26. ಸಹಿಗೆ ಮುಂಚೆ ಅದರಲ್ಲಿ ಯಾರ ಹೆಸರಿದೆ ನೋಡಿ. ಕೆಲಸ ಸರಿಬರದಿದ್ದರೆ ನಡುವೆ ಏಜೆಂಟ್ ಬದಲಿಸಬಹುದು, ಹೊಸ ಫಾರಂ 26 ಹಾಕಿದರಾಯಿತು. ಅದಕ್ಕೇ ಕರಾರಿನಲ್ಲಿ ಒಂದು ಸಾಲು ಇರಲಿ: ಡ್ರಾಫ್ಟ್, ಚಿತ್ರಗಳು, ಕಡತದ ಪ್ರತಿ ಎಲ್ಲ ಕೇಳಿದಾಗ ಕೊಡಬೇಕು.

ಅರ್ಜಿಯಲ್ಲಿ ಏಜೆಂಟ್ ಈಮೇಲ್ ಜೊತೆ ನಿಮ್ಮ ಈಮೇಲನ್ನೂ ಹಾಕಿಸಿ. 2024ರಲ್ಲಿ ದಿಲ್ಲಿ ಹೈಕೋರ್ಟ್ ಮುಂದೆ ಬಂದ ಒಂದು ಪ್ರಕರಣದಲ್ಲಿ, ಏಜೆಂಟ್ ಎಫ್‌ಇಆರ್‌ಗೆ ಉತ್ತರ ಕೊಡದೆ ಅರ್ಜಿ ಕೈಬಿಟ್ಟಂತಾಗಿತ್ತು. ಕೋರ್ಟ್ ಆ ಅರ್ಜಿಗೆ ಮರುಜೀವ ಕೊಟ್ಟಿತು. ಏಜೆಂಟರಿಗೆ ನೀತಿಸಂಹಿತೆ ರೂಪಿಸಿ ಎಂದೂ ಹೇಳಿತು. ಆದರೆ ಹೈಕೋರ್ಟ್ ತನಕ ಓಡಾಡುವ ತಾಕತ್ತು ನಮ್ಮಂಥವರಿಗೆ ಎಲ್ಲಿದೆ? ತಿಂಗಳಿಗೊಮ್ಮೆ ಅರ್ಜಿಯ ಸ್ಥಿತಿಯನ್ನು ನೀವೇ ನೋಡಿಕೊಳ್ಳುವುದು ಸುಲಭ. ಪರೀಕ್ಷೆಗೆ ಕೋರಿಕೆ ಹಾಕುವ ಗಡುವು ಈಗ 31 ತಿಂಗಳು, 2024ರ ತಿದ್ದುಪಡಿಗೆ ಮುಂಚೆ 48 ಇತ್ತು. ಹಳೇ ಲೆಕ್ಕದಲ್ಲೇ ಇರುವ ಏಜೆಂಟ್ ಸಿಕ್ಕರೂ ಸಿಗಬಹುದು, ಕ್ಯಾಲೆಂಡರಿನಲ್ಲಿ ಬರೆದಿಡಿ.

ನಮ್ಮ ಎರಡನೇ ಅರ್ಜಿಯ ನಂಬರನ್ನು ಭಾವ ಶೆಡ್ಡಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಂಡಿದ್ದಾರೆ. ಪ್ರತಿ ತಿಂಗಳ ಮೊದಲ ಭಾನುವಾರ ಮೊಬೈಲ್ ತೆಗೆದು ಟೈಪ್ ಮಾಡುತ್ತಾರೆ. ಕ್ಯಾಪ್ಚಾ ಮೂರನೇ ಸಲಕ್ಕೆ ಸರಿಹೋಗುತ್ತದೆ. 'ಇನ್ನೂ ಹಾಗೇ ಉಂಟು ಮಾರಾಯ' ಎಂದು ನನಗೆ ಫೋನ್ ಬರುತ್ತದೆ.